ಗೆಂಡೆ ಮೀನಿಗೆ ಎಷ್ಟು ಸ್ನಾನ

ನಮ್ಮ ಸೋದರಮಾವನಷ್ಟು ಸ್ನಾನ ಮಾಡಿದ ಮನುಷ್ಯ ಇಡೀ ಮಂಡ್ಯ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಾರ. ಪುರೋಹಿತರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಬೆಳಿಗ್ಗೆ ಎದ್ದ ಕೂಡಲೇ ಒಂದು, ಕಾಲೇಜಿಗೆ ಹೊರಡುವ ಮೊದಲು ಒಂದು, ಬಂದ ಮೇಲೆ ಒಂದು, ದೀಪ ಹಚ್ಚುವ ಹೊತ್ತಿಗೆ ಮತ್ತೊಂದು. ಭಾನುವಾರವಾದರೆ ಬಾವಿಕಟ್ಟೆಯಿಂದ ಇಳಿಯುತ್ತಲೇ ಇರಲಿಲ್ಲ. ಇಷ್ಟೆಲ್ಲ ಮಿಂದರೂ ಅವರು ಬೀದಿಯಲ್ಲಿ ಹಾದುಹೋದರೆ ಮಲಗಿದ್ದ ಬೆಕ್ಕುಗಳು ಎದ್ದು ಹಿಂದೆ ಹಿಂದೆ ನಡೆಯುತ್ತಿದ್ದವು. ಕಾರಣ, ಮೀನು.

ಇದನ್ನು ನಾನು ನಗುತ್ತಲೇ ಹೇಳುತ್ತೇನೆ. ನಗದೆ ಹೇಳಲು ಕೂತರೆ ಶಿವನಸಮುದ್ರದ ಕೆಳಗಿನ ಆ ಬಂಡೆಯ ಹತ್ತಿರ ಬಂದು ಮಾತು ನಿಂತುಬಿಡುತ್ತದೆ. ಇಷ್ಟು ವರ್ಷವಾದರೂ ಬಾವಿಯಲ್ಲಿ ನೀರು ಸೇದುವಾಗ ಹಗ್ಗ ಯಾಕೋ ಹಗುರ ಅನ್ನಿಸಿದರೆ ಒಳಗೆ ಬಗ್ಗಿ ನೋಡಿಬಿಡುತ್ತೇನೆ. ಅದು ಆಮೇಲೆ. ಮೊದಲು ಸ್ನಾನದ ವಿಷಯ.

ಎಪ್ಪತ್ತರ ದಶಕದ ಮಾತು. ಮಾವ ಮಂಡ್ಯದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟರು. ನಾನು ಅಜ್ಜಿಯ ಮನೆಯಲ್ಲಿದ್ದುಕೊಂಡು ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಹುಡುಗಿ. ಅಂದರೆ ತರಗತಿಯಲ್ಲಿ ಅವರು ನನಗೆ ಸಾರ್, ಮನೆಯಲ್ಲಿ ಮಾವ, ಬಾವಿಕಟ್ಟೆಯಲ್ಲಿ ನಾನು ಅವರಿಗೆ ನೀರು ಸೇದಿಕೊಡುವ ಆಳು. ಮಾವ ತೆಳ್ಳಗೆ ಉದ್ದಕ್ಕೆ ಒಣಹಾಕಿದ ಪಂಚೆಯ ಹಾಗಿದ್ದರು. ಸೀಸೆಯ ತಳದಷ್ಟು ದಪ್ಪನೆಯ ಕನ್ನಡಕ. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಮನುಷ್ಯರ ಗುರುತೇ ಹತ್ತದವರಿಗೆ ಮದುವೆ ಎಲ್ಲಿಂದ ಆಗಬೇಕು? ಪೇಟೆಬೀದಿಯಲ್ಲಿ ಸ್ವಂತ ಅಕ್ಕ ಎದುರಾದರೆ, "ನಮಸ್ಕಾರ, ಮನೆಯಲ್ಲಿ ಎಲ್ಲರೂ ಸೌಖ್ಯವೇ?" ಎಂದು ಕೈಮುಗಿದು ಮುಂದೆ ಹೋದವರು ಅವರು. ಆ ಅಕ್ಕ ನಮ್ಮಮ್ಮ! ಅಮ್ಮ ಮನೆಗೆ ಬಂದು ಅತ್ತಳೋ ನಕ್ಕಳೋ ಎಂಬುದು ಈಗಲೂ ನಮ್ಮಲ್ಲಿ ಚರ್ಚೆಯ ವಿಷಯ.

ಆದರೆ ಮೀನನ್ನು ಮಾತ್ರ ಮಾವ ಮರೆಯುತ್ತಿರಲಿಲ್ಲ. ಅದರಲ್ಲೂ ಗೆಂಡೆ ಮೀನು. ಗೆಂಡೆ ಎಂದರೆ ನಮ್ಮ ಕಡೆಯ ಕೆರೆ, ನಾಲೆ, ಹೊಳೆಗಳಲ್ಲೆಲ್ಲ ಸಿಗುವ ಬೆಳ್ಳಿ ಬಣ್ಣದ ಮೀನು. ತಿನ್ನುವವರಿಗೆ ಅದು ಒಂದೇ ಗೆಂಡೆ. ತಿನ್ನದ ನಮ್ಮ ಮಾವನಿಗೆ ಮಾತ್ರ ಎರಡು! ಮಂಡ್ಯದ ನಾಲೆಯಲ್ಲಿ ಸಿಗುವ ಗೆಂಡೆ ಬೇರೆ, ಶಿವನಸಮುದ್ರದ ಜಲಪಾತದ ಕೆಳಗೆ ಬಂಡೆಗಳ ಸಂದಿಯಲ್ಲಿ ರಭಸದ ನೀರಿಗೆ ಎದುರಾಗಿ ಈಜುವ ಗೆಂಡೆ ಬೇರೆ ಎಂಬುದು ಅವರ ವಾದ. ನಾಲೆಯದಕ್ಕೆ ನಡು ದುಂಡಗೆ, ಹೊಳೆಯದಕ್ಕೆ ಮೈ ನೀಳ, ಬಾಲದ ಬುಡ ಸಣ್ಣ, ಮೂತಿ ಚೂಪು. ಮಿಕ್ಕಂತೆ ಒಂದೇ ಬಣ್ಣ, ಒಂದೇ ಕಣ್ಣು, ಒಂದೇ ಪೆಚ್ಚು ಮುಖ.

ಒಮ್ಮೆ ಪರೀಕ್ಷೆಯ ಕೆಲಸಕ್ಕೆಂದು ಮೈಸೂರಿನಿಂದ ಬಂದ ದೊಡ್ಡ ಪ್ರೊಫೆಸರರೊಬ್ಬರ ಮುಂದೆ ಮಾವ ಎರಡನ್ನೂ ತಟ್ಟೆಯಲ್ಲಿಟ್ಟು ತಮ್ಮ ವಾದ ಹೇಳಿದರು. ಅವರು ತಟ್ಟೆಯನ್ನೂ ನೋಡಿದರು, ಮಾವನನ್ನೂ ನೋಡಿದರು.

"ಅಲ್ಲ ಮೇಷ್ಟ್ರೇ, ಓಡುವ ನೀರಲ್ಲಿ ದುಡಿಯೋ ಮೀನು ಸಣ್ಣಗಿರುತ್ತೆ, ನಿಂತ ನೀರಲ್ಲಿ ತಿನ್ನೋದು ದಪ್ಪಗಿರುತ್ತೆ. ಸಣ್ಣಗಿರೋದಕ್ಕೆಲ್ಲ ಬೇರೆ ಜಾತಿ ಅಂತ ಹೆಸರಿಡೋದಾದರೆ ಮೊದಲು ನಿಮಗೇ ಒಂದು ಇಡಬೇಕಾಗುತ್ತೆ!"

ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಮಾವನೂ ನಕ್ಕರಂತೆ. ಆದರೆ ಅಂದು ಮನೆಗೆ ಬಂದವರು ಊಟ ಮಾಡಲಿಲ್ಲ. ಮಾರನೆಯ ಬೆಳಗಿನಿಂದ ನಮ್ಮ ಹಿತ್ತಿಲಿಗೆ ಮೀನು ಬರತೊಡಗಿತು. ಎರಡು ಜಾತಿ ಎಂದು ಸಾಧಿಸದೆ ಬಿಡುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವರ ಮೂತಿಯೂ ಹೊಳೆಯ ಗೆಂಡೆಯ ಹಾಗೆ ಚೂಪಾಗಿತ್ತು.

ಕಾಲೇಜಿನ ಪ್ರಯೋಗಶಾಲೆಗೆ ಸಂಜೆ ಬೀಗ ಬೀಳುತ್ತದೆ, ಮೀನಿಗೆ ಗಡಿಯಾರ ನೋಡಿಕೊಂಡು ಸಾಯಲು ಬರುವುದಿಲ್ಲ. ಹಾಗಾಗಿ ಹಿತ್ತಿಲ ಖಾಲಿ ಕೊಟ್ಟಿಗೆಯೇ ಮಾವನ ಪ್ರಯೋಗಶಾಲೆಯಾಯಿತು. ಈರುಳ್ಳಿಯೂ ಹೊಸಲು ದಾಟದ ಮನೆ ನಮ್ಮದು! ಅಜ್ಜಿ ಮೂರ್ಛೆ ಹೋಗಬಹುದು ಎಂದುಕೊಂಡಿದ್ದೆ. ಅಜ್ಜಿ ಮೂರ್ಛೆ ಹೋಗುವ ಪೈಕಿಯಲ್ಲ, ಕಾನೂನು ಮಾಡುವ ಪೈಕಿ.

"ಬದುಕಿರೋವರೆಗೂ ಅದು ನಮ್ಮ ಹಾಗೇ ಒಂದು ಜೀವ. ಅನ್ನದ ಅಗುಳು ನಾನೇ ಹಾಕ್ತೀನಿ. ಆದರೆ ನಿನ್ನ ಕೈಯಲ್ಲಿ ಒಂದು ಸತ್ತರೆ ಒಂದು ಸ್ನಾನ. ತಲೆ ಮೇಲಿಂದ. ಉಟ್ಟ ಬಟ್ಟೇಲಿ. ಅದಾಗದೆ ಒಳಗೆ ಕಾಲಿಡಕೂಡದು."

ಮೊದಲ ಭಾನುವಾರವೇ ಮಾವ ಒಂದು ಬುಟ್ಟಿ ಮೀನು ಅಳೆದರು. ಹಿತ್ತಾಳೆಯ ಕ್ಯಾಲಿಪರ್ಸಿನಿಂದ ತಲೆಯ ಉದ್ದ, ಕಣ್ಣಿನ ಅಡ್ಡಳತೆ, ನಡುವಿನ ಅಗಲ. ಅಳೆದು ಮುಗಿಸುವಷ್ಟರಲ್ಲಿ ಮೀನು ಸತ್ತಿರುತ್ತಿತ್ತು, ಪ್ರತಿಯೊಂದಕ್ಕೂ ಒಂದೊಂದು ಸ್ನಾನ! ಒಂದನ್ನು ಅಳೆಯುವುದು, ಬಾವಿಗೆ ಓಡುವುದು, ತೊಟ್ಟಿಕ್ಕುತ್ತಾ ಬಂದು ಇನ್ನೊಂದನ್ನು ಅಳೆಯುವುದು. ಹಗ್ಗ ಎಳೆದು ಎಳೆದು ನನ್ನ ರಟ್ಟೆ ಬಿದ್ದುಹೋಯಿತು. ಸಂಜೆಯ ಹೊತ್ತಿಗೆ ಮಾವನ ಸೀನಿಗೆ ಕೊಟ್ಟಿಗೆಯ ಹೆಂಚು ಅದುರುತ್ತಿತ್ತು.

ಆಗ ಅವರು ಅಜ್ಜಿಯ ಮುಂದೆ ವಕೀಲರಂತೆ ನಿಂತರು.

"ಅಮ್ಮಾ, ಒಂದೇ ದಿನ ಇಬ್ಬರು ಹೋಗಿಬಿಟ್ಟರು ಅಂತ ಸುದ್ದಿ ಬಂದರೆ ಎರಡು ಸಲ ಸ್ನಾನ ಮಾಡ್ತಾರಾ?"

ಅಜ್ಜಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿ ಯೋಚಿಸಿದಳು. "ಒಂದೇ ಮನೆಯವರಾದರೆ ಒಂದು ಸ್ನಾನ ಸಾಕು. ಬೇರೆ ಬೇರೆ ಮನೆಯವರಾದರೆ ಎರಡು."

"ಹಾಗಾದರೆ ಒಂದೇ ಜಾತಿ ಮೀನು ಎಷ್ಟು ಸತ್ತರೂ ಒಂದೇ ಸ್ನಾನ!"

"ಆಗಲಿ. ಈ ಕೊಳಗದಲ್ಲಿರೋದು, ಆ ಕೊಳಗದಲ್ಲಿರೋದು, ಎರಡೂ ಒಂದೇ ಮನೆಯವೋ ಬೇರೆ ಮನೆಯವೋ?"

ಮಾವ ಒಂದು ಸಲ ಸೀನಿದರು. ಅವರ ನಂಬಿಕೆ ಎರಡು ಎನ್ನುತ್ತಿತ್ತು. ಅವರ ನೆಗಡಿ ಒಂದು ಎನ್ನುತ್ತಿತ್ತು!

"ಅದನ್ನೇ ನೋಡ್ತಾ ಇದೀನಮ್ಮ," ಎಂದರು ಕೊನೆಗೆ.

"ನೋಡಿ ಹೇಳು. ಅಲ್ಲೀತನಕ ಎರಡು."

ಹೀಗೆ ಮೈಸೂರಿನ ಪ್ರೊಫೆಸರರು ಎತ್ತಿದ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯೂ ಆಯಿತು. ಹಾಲಿನವಳು ಕೂಡ ದಿನಾ ಬೆಳಿಗ್ಗೆ, "ಏನವ್ವಾ, ಅಯ್ನೋರ್ಗೆ ಇನ್ನೂ ಎರಡೇಯಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದಳು.

ಸತ್ತ ಮೀನು ಬಾಡಿ ಆಕಾರ ಕೆಡುತ್ತದೆ, ಬದುಕಿರುವಾಗಲೇ ಎರಡನ್ನೂ ಪಕ್ಕಪಕ್ಕ ನೋಡಬೇಕು ಎಂಬುದು ಮಾವನಿಗೆ ಹೊಳೆದ ಮುಂದಿನ ಉಪಾಯ. ನಾಲೆಯ ಗೆಂಡೆಗಳನ್ನು ಒಂದು ಕೊಳಗದಲ್ಲಿ ಹೊತ್ತುಕೊಂಡು ಬಸ್ಸು ಹತ್ತಿ ಶಿವನಸಮುದ್ರಕ್ಕೆ ಹೋದೆವು. ಅಲ್ಲಿ ಬೆಟ್ಟಯ್ಯ ಅಂತ ಒಬ್ಬ ಬೆಸ್ತ, ಮಾವನಿಗೆ ಮೀನು ಹಿಡಿದುಕೊಡುವವನು. ಅವನ ಅಭಿಪ್ರಾಯ ಸ್ಪಷ್ಟವಾಗಿತ್ತು: "ಎರಡೂವೆ ಒಂದೇಯಾ ಬುಡಿ ಸಾಮಿ. ಸಾರಿಗೆ ಉಳಿ ಒಸಿ ಜಾಸ್ತಿ ಬುಟ್ರೆ ನಮ್ಮಪ್ಪನಾಣೆಗೂ ಗೊತ್ತಾಗಾಕಿಲ್ಲ." ಹೊಳೆಯ ಗೆಂಡೆಗಳನ್ನು ಇನ್ನೊಂದು ಕೊಳಗಕ್ಕೆ ತುಂಬಿಕೊಂಡು ಮಂಡ್ಯಕ್ಕೆ ವಾಪಸು ಹೊರಟೆವು.

ಬಸ್ಸಿನಲ್ಲಿ ಕಂಡಕ್ಟರು ಕೊಳಗದೊಳಗೆ ಇಣುಕಿದ.

"ಏನ್ಸಾರ್ ಇವು? ಸತ್ತಿರೋವಾ, ಬದ್ಕಿರೋವಾ?"

"ಬದುಕಿವೆ."

"ಬದ್ಕಿದ್ರೆ ಟಿಕೀಟು. ಸತ್ತಿದ್ರೆ ಲಗೇಜು."

ಮಾವ ಪ್ರಾಮಾಣಿಕರು. "ಸದ್ಯಕ್ಕೆ ಬದುಕಿವೆ ಕಣಪ್ಪ. ಮಳವಳ್ಳಿ ದಾಟಿದ ಮೇಲೆ ಹೇಳೋಕಾಗಲ್ಲ."

"ಅಂಗಾರೆ ಮಳವಳ್ಳೀಗಂಟ ಟಿಕೀಟು, ಅಲ್ಲಿಂದಾಚ್ಗೆ ಲಗೇಜು!"

ಬಸ್ಸಿಗೆ ಬಸ್ಸೇ ನಕ್ಕಿತು. ನೀರಿಗೆ ಗಾಳಿ ಬೆರೆಯಲೆಂದು ಮಾವ ಅಂಗೈಯಿಂದ ಪಟಪಟ ನೀರು ಬಡಿಯುತ್ತಾ ಕೂತಿದ್ದರು. ಮಳವಳ್ಳಿಯಲ್ಲಿ ಹತ್ತಿದ ಹೆಂಗಸೊಬ್ಬಳಿಗೆ ಅದನ್ನು ನೋಡಲಾಗಲಿಲ್ಲ. "ಕೊಡಿ ಸಾಮಿ ಇತ್ಲಾಗೆ, ಒಸಿ ನಾನೂ ಬಡೀತೀನಿ. ಕೈ ನೊಯ್ತದೆ ನಿಮ್ಗೆ." ಅವಳಿಂದ ಪಕ್ಕದವನಿಗೆ, ಅವನಿಂದ ಹಿಂದಿನ ಸೀಟಿಗೆ, ಕೊಳಗಗಳು ಕೂಸುಗಳಂತೆ ಕೈಯಿಂದ ಕೈಗೆ ಹೋದವು. ಮೂರು ಹೊತ್ತೂ ಒಬ್ಬರನ್ನೊಬ್ಬರು ಬಯ್ದುಕೊಳ್ಳುವ ಜನವೆಲ್ಲ ಸೇರಿ ಮೀನು ಬದುಕಿಸಿದರು. ಮಾವನಿಗೆ ಕಣ್ಣು ಒದ್ದೆಯಾಯಿತು, ಆಮೇಲೆ ನಮ್ಮಿಬ್ಬರಿಗೂ ನಿದ್ದೆ ಹತ್ತಿತು. ಮದ್ದೂರು ದಾಟಿದ ಮೇಲೆ ಎಚ್ಚರವಾದಾಗ ಆ ಹೆಂಗಸು ಹೆಮ್ಮೆಯಿಂದ ಒಂದೇ ಕೊಳಗವನ್ನು ಅವರ ತೊಡೆಯ ಮೇಲಿಟ್ಟಳು.

"ಎಲ್ಲಾನೂ ಒಂದ್ರಲ್ಲೇ ಆಕ್ಬುಟ್ಟೆ ಕಣ್ ಸಾಮಿ. ಪಾಪ, ಜೊತೇಲಿರ್ಲಿ ಅಂತ!"

ಮಾವ ಬೆವತುಹೋದರು. ಮನೆಗೆ ಬಂದವರೇ ಬಾವಿಕಟ್ಟೆಯ ಮೇಲೆ ಎರಡು ಪಾತ್ರೆ ಇಟ್ಟುಕೊಂಡು ಆಕಾರ ನೋಡಿ ನೋಡಿ ಬೇರೆ ಮಾಡಲು ಕೂತರು. ನಡು ದುಂಡಗಿದ್ದದ್ದು ಈ ಕಡೆ, ನೀಳವಾದದ್ದು ಆ ಕಡೆ. ಸರಸರ ಕೆಲಸ ಸಾಗಿತು. ಕೊನೆಗೆ ಒಂದು ಮೀನು ಉಳಿಯಿತು. ಅದನ್ನು ಈ ಪಾತ್ರೆಗೆ ಹಾಕಿದರು, ತೆಗೆದರು. ಆ ಪಾತ್ರೆಗೆ ಹಾಕಿದರು, ತೆಗೆದರು. ನಡು ಸ್ವಲ್ಪ ದುಂಡಗೆ, ಮೂತಿ ಸ್ವಲ್ಪ ಚೂಪು! ದಪ್ಪಗಾದ ಹೊಳೆಯ ಗೆಂಡೆಯೋ, ಸೊರಗಿದ ನಾಲೆಯ ಗೆಂಡೆಯೋ? ಮೈಸೂರಿನ ಪ್ರೊಫೆಸರರು ಆ ಮೀನಿನೊಳಗೆ ಕೂತು ನಗುತ್ತಿದ್ದ ಹಾಗಿತ್ತು. ಅಜ್ಜಿ ಹಿತ್ತಿಲ ಬಾಗಿಲಲ್ಲಿ ನಿಂತು ಕೇಳಿದಳು, "ನಿನಗೇ ಗೊತ್ತಾಗಲ್ಲ ಅಂದಮೇಲೆ ಅದು ಎರಡು ಹೇಗೋ?"

ಮಾವ ನನ್ನ ಕಡೆ ತಿರುಗಿ ಹೇಳಿದರು: "ಹೊರಗಿಂದ ನೋಡಿದರೆ ಸಾಲದು ಪದ್ದು. ಒಳಗೆ ನೋಡಬೇಕು."

ಒಳಗೆ ಎಂದರೆ ಜೀವಕೋಶದ ಒಳಗೆ. ಅಲ್ಲಿ ವರ್ಣತಂತುಗಳಿರುತ್ತವೆ. ಅಪ್ಪ ಅಮ್ಮನಿಂದ ಮಕ್ಕಳಿಗೆ ಗುಣಗಳನ್ನು ಹೊತ್ತು ತರುವ ಸಣ್ಣ ಸಣ್ಣ ಕಡ್ಡಿಗಳು. ಉಣ್ಣಲಿ ಉಪವಾಸವಿರಲಿ, ಮೈ ಬದಲಾದರೂ ಅವು ಬದಲಾಗುವುದಿಲ್ಲ. ಆದರೆ ಜೀವಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಮಾತ್ರ ಚೆನ್ನಾಗಿ ಕಾಣುತ್ತವೆ. ಅದಕ್ಕೆ ಜೀವಂತ ಮೀನಿಗೆ ಒಂದು ಮದ್ದು ಚುಚ್ಚಬೇಕು. ಚುಚ್ಚಿ ಸ್ವಲ್ಪ ಹೊತ್ತು ಕಾದರೆ ಒಡೆಯುತ್ತಿರುವ ಕೋಶಗಳೆಲ್ಲ ಹಾಗೇ ನಿಂತುಬಿಡುತ್ತವೆ. "ಮದುವೆ ಮನೇಲಿ ಫೋಟೋದವನು ಅಲ್ಲಾಡಬೇಡಿ ಅಂತಾನಲ್ಲ, ಹಾಗೆ," ಎಂದು ಮಾವ ನನಗೆ ವಿವರಿಸಿದರು. ಮನುಷ್ಯರಿಗೆ ಅದೇ ಮದ್ದನ್ನು ಕೀಲುನೋವಿಗೆ ಕೊಡುತ್ತಾರೆ ಎಂದು ಎಲ್ಲಿಂದಲೋ ತಿಳಿದುಕೊಂಡ ಅಜ್ಜಿ, "ಮೀನಿನ ಮಂಡಿಗೆ ಇರೋ ಮರ್ಯಾದೆ ನನ್ನ ಮಂಡಿಗಿಲ್ಲ," ಎಂದು ಎರಡು ದಿನ ಮಾತು ಬಿಟ್ಟಳು.

ಆಮೇಲೆ ಮೀನಿನ ಮೂತ್ರಪಿಂಡದ ಚೂರನ್ನು ಕದಡಿ, ಒಂದು ಹನಿಯನ್ನು ಎತ್ತರದಿಂದ ಗಾಜಿನ ಪಟ್ಟಿಯ ಮೇಲೆ ಬೀಳಿಸಬೇಕು. ಎತ್ತರದಿಂದ ಬಿದ್ದರೆ ಕೋಶ ಪಟ್ಟೆಂದು ಒಡೆದು ವರ್ಣತಂತುಗಳು ಹರಡಿಕೊಳ್ಳುತ್ತವಂತೆ. ಎಷ್ಟು ಎತ್ತರ? ಮಾವ ಮೊದಲು ನಿಂತು ಬೀಳಿಸಿದರು, ಆಮೇಲೆ ಸ್ಟೂಲಿನ ಮೇಲೆ ಹತ್ತಿ ಬೀಳಿಸಿದರು, ಕಡೆಗೆ ಕೊಟ್ಟಿಗೆಯ ಮಾಡಿಗೆ ಏಣಿ ಹಾಕಿದರು.

ಇದೇ ಸಮಯಕ್ಕೆ ಅಜ್ಜಿ ಅವರನ್ನು ಮದ್ದೂರಿಗೆ ಹೆಣ್ಣು ನೋಡಲು ಎಳೆದುಕೊಂಡು ಹೋಗಿದ್ದಳು. ಹುಡುಗಿ ಉಪ್ಪಿಟ್ಟು ತಂದಿಟ್ಟಳು. ಹುಡುಗಿಯ ತಂದೆ, "ಹೇಗೆ, ಒಪ್ಪಿಗೆಯೋ?" ಎಂದರು. ಮಾವ ಕನ್ನಡಕ ಸರಿಮಾಡಿಕೊಂಡು, "ಕಣ್ಣಿನ ಅಡ್ಡಳತೆ ತಲೆಯ ಉದ್ದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ," ಎಂದುಬಿಟ್ಟರು! ನಾನು ನೆಲ ನೋಡಿದೆ. ಆದರೆ ಆ ಪುಣ್ಯಾತ್ಮರು, "ಓಹೋ, ಹುಡುಗ ಲಕ್ಷಣಶಾಸ್ತ್ರ ಬಲ್ಲವನು!" ಎಂದು ಹಿಗ್ಗಿ, ಮುಂದಿನ ವಾರವೇ ಮನೆ ನೋಡಲು ಮಂಡ್ಯಕ್ಕೆ ಬಂದರು. ನಡುಮನೆ ನೋಡಿದರು, ಅಡುಗೆಮನೆ ನೋಡಿದರು, ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತಾ ಹಿತ್ತಿಲಿಗೆ ಬಂದು ಏಣಿಯ ಕೆಳಗೆ ನಿಂತು "ಭಾವೀ ಅಳಿಯಂದಿರು ಎಲ್ಲಿ?" ಎಂದರು.

ಹನಿ ಅವರ ಬೋಳುತಲೆಯ ನಟ್ಟನಡುವೆ ಬಿತ್ತು.

"ಅಯ್ಯೋ, ಅಲ್ಲಾಡಬೇಡಿ!" ಎಂದು ಮೇಲಿಂದ ಚೀರಿದ ಮಾವ ದಡದಡ ಇಳಿದು ಬಂದು ಗಾಜಿನ ಪಟ್ಟಿಯಿಂದ ಆ ಹನಿಯನ್ನು ತಲೆಯ ಮೇಲಿಂದ ಕೆರೆದುಕೊಳ್ಳಲು ನೋಡಿದರು.

"ಏನ್ರೀ ಇದು?"

"ಮೂತ್ರಪಿಂಡ."

"ಯಾರದ್ದು?!"

"ಗೆಂಡೇದು."

ಅವರು ಟೋಪಿಯನ್ನೂ ಮರೆತು ಬಾಗಿಲಿಗೆ ನಡೆದರು. ಅಲ್ಲಿ ಅಜ್ಜಿ ಅಡ್ಡ ನಿಂತಿದ್ದಳು. "ಸತ್ತದ್ದು ತಲೆ ಮೇಲೆ ಬಿದ್ದಿದೆ. ಸ್ನಾನ ಮಾಡದೆ ಒಳಗೆ ಬರೋ ಹಾಗಿಲ್ಲ." ಹಿತ್ತಿಲಿಂದ ಬೀದಿಗೆ ಬೇರೆ ದಾರಿ ಇರಲಿಲ್ಲ. ಆ ಮನುಷ್ಯ ಜರಿಪಂಚೆಯಲ್ಲೇ ಬಾವಿಕಟ್ಟೆಯ ಮೇಲೆ ಕೂತರು, ನಾನು ನೀರು ಸೇದಿದೆ. ಒಂದೋ ಎರಡೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸಂಬಂಧ ಅಲ್ಲಿಗೆ ಮುಗಿಯಿತು.

ಆ ಹನಿಗಳಿಂದಲೂ ಪ್ರಯೋಜನವಾಗಲಿಲ್ಲ. ನಾಲೆಯ ಗೆಂಡೆಯ ವರ್ಣತಂತುಗಳು ಕಂಡವು: ಐವತ್ತು. ಹೊಳೆಯ ಗೆಂಡೆಯದು ಮಾತ್ರ ಕಾಣಲೇ ಇಲ್ಲ. ಬಸ್ಸಿನಲ್ಲಿ ಅಲ್ಲಾಡಿ ಅಲ್ಲಾಡಿ ಮಂಡ್ಯಕ್ಕೆ ಬರುವಷ್ಟರಲ್ಲಿ ಅವು ಅರೆಜೀವವಾಗಿರುತ್ತಿದ್ದವು. ಕೋಶ ಒಡೆಯುವ ಚೈತನ್ಯವೇ ಇರುತ್ತಿರಲಿಲ್ಲ. "ಹೊಳೇಲೇ ಚುಚ್ಚಬೇಕು. ಓಡುವ ನೀರಲ್ಲೇ ಇಟ್ಟುಕೊಂಡು ಕಾಯಬೇಕು," ಎಂದರು ಮಾವ.

ಬೇಸಿಗೆ ರಜದ ಕೊನೆಯಲ್ಲಿ ಹೊರಟೆವು. ಅಜ್ಜಿ ಮೊಸರನ್ನ ಕಟ್ಟಿಕೊಡುತ್ತಾ ನನ್ನ ಕಿವಿಯಲ್ಲಿ, "ಅವನ ಮೇಲೆ ಒಂದು ಕಣ್ಣಿಟ್ಟಿರು. ಅವನಿಗೆ ಈಜು ಬರಲ್ಲ," ಎಂದಳು.

"ನನಗೂ ಬರಲ್ಲವಲ್ಲ ಅಜ್ಜಿ?"

"ಕೂಗೋಕೆ ಬರುತ್ತಲ್ಲ."

ಹೊಳೆ ಬಡವಾಗಿತ್ತು. ಬಂಡೆಗಳ ನಡುವೆ ಮೂರು ನಾಲ್ಕು ಸೀಳಾಗಿ ಹರಿಯುತ್ತಿತ್ತು. ಬೆಟ್ಟಯ್ಯ ಮಾವನನ್ನು ಹರಿಗೋಲಿನಲ್ಲಿ ನಡುಹೊಳೆಯ ಬಂಡೆಗೆ ಬಿಟ್ಟು ದಡಕ್ಕೆ ವಾಪಸು ಬಂದ. ಮಾವ ಗೆಂಡೆಗಳಿಗೆ ಮದ್ದು ಚುಚ್ಚಿ, ಮುಚ್ಚಳವಿರುವ ಬಿದಿರು ಬುಟ್ಟಿಯಲ್ಲಿ ಹಾಕಿ, ಬುಟ್ಟಿಯನ್ನು ಓಡುವ ನೀರಿಗೆ ಹಿಡಿದು, ಮಗು ಮಲಗಿಸುವವರ ಹಾಗೆ ಕೂತರು. ಅಲ್ಲಿಂದಲೇ ನನ್ನತ್ತ ಕೈಬೀಸಿದರು. ಅಷ್ಟು ಸಂತೋಷವಾಗಿ ಅವರು ಯಾವ ಮನುಷ್ಯರಿಗೂ ಕೈಬೀಸಿದ್ದನ್ನು ನಾನು ನೋಡಿರಲಿಲ್ಲ.

ಮೊದಲು ಬದಲಾದದ್ದು ನೀರಿನ ಬಣ್ಣ. ಹಾಲಿಗೆ ಡಿಕಾಕ್ಷನ್ ಬಿದ್ದ ಹಾಗೆ ಒಂದು ಕಡೆಯಿಂದ ಕಂದಾಗುತ್ತಾ ಬಂತು. ನಮ್ಮ ತಲೆಯ ಮೇಲೆ ಸುಡುವ ಬಿಸಿಲು. ನನಗೆ ಏನೂ ಅನ್ನಿಸಲಿಲ್ಲ. ಬೆಟ್ಟಯ್ಯ ಬೀಡಿ ಬಿಸಾಡಿ ಎದ್ದು ನಿಂತ.

"ಮೇಗ್ಲ ಸೀಮೇಲೆಲ್ಲೋ ಮಳೆ ಉಯ್ದದೆ! ಕೆನ್ನೀರು ಬತ್ತಾ ಅದೆ! ಸಾಮೀ, ಎದ್ದೇಳಿ!"

"ಇನ್ನು ಸ್ವಲ್ಪ ಹೊತ್ತು ಬೆಟ್ಟಯ್ಯ! ಮದ್ದು ಇನ್ನೂ ಹಿಡಿದಿಲ್ಲ!"

"ಮದ್ದು ಇಡಿಯೋದ್ರಲ್ಲಿ ಒಳೆ ನಿಮ್ನ ಇಡ್ಕತದೆ ಕಣ್ ಸಾಮಿ!"

ಹರಿಗೋಲು ತೆಗೆದ. ಹೊಳೆ ಅದನ್ನು ಎರಡು ಸುತ್ತು ಬುಗುರಿಯಂತೆ ತಿರುಗಿಸಿ ದಡಕ್ಕೆ ಒಗೆಯಿತು. ಅಷ್ಟರಲ್ಲಿ ಮಾವನ ಬಂಡೆ ಅರ್ಧವಾಗಿತ್ತು. ನಾನು ಕೂಗಿದೆ. ಅಜ್ಜಿ ಹೇಳಿದ್ದಕ್ಕಿಂತ ಜೋರಾಗಿ ಕೂಗಿದೆ. ಮೇಲಿನ ದಾರಿಯಲ್ಲಿ ಹೋಗುತ್ತಿದ್ದ ವಿದ್ಯುತ್ ಕೇಂದ್ರದ ಇಬ್ಬರು ಕೆಲಸಗಾರರು ಓಡಿಬಂದರು. ಬೆಟ್ಟಯ್ಯ ಬಲೆಯ ಹಗ್ಗಕ್ಕೆ ಒಂದು ಕೊರಡು ಕಟ್ಟಿ ಬೀಸಿದ. ಮಾವ ಹಿಡಿದರು! "ಸೊಂಟಕ್ಕೆ ಬಿಗ್ಯಾಗಿ ಕಟ್ಕಳಿ ಸಾಮಿ!" ಮಾವ ಬಗ್ಗಿ ಏನೋ ಕಟ್ಟಿದರು, ಕೈಯೆತ್ತಿ ಸನ್ನೆ ಮಾಡಿದರು. ನಾವು ನಾಲ್ವರೂ ಎಳೆದೆವು.

ಹಗ್ಗ ಹಗುರವಾಗಿತ್ತು.

ಮಾವ ತೆಳ್ಳಗಿದ್ದಾರೆ ನಿಜ, ಇಷ್ಟೊಂದಾ? ಎಂದುಕೊಳ್ಳುತ್ತಾ ಎಳೆದೆ. ಹಗ್ಗದ ತುದಿಯಲ್ಲಿ ದಡಕ್ಕೆ ಬಂದದ್ದು ಬಿದಿರಿನ ಬುಟ್ಟಿ! ಗೆಂಡೆಗಳ ಸಮೇತ!

"ಅಯ್ಯೋ ನಿನ್ ಮನೆ ಕಾಯ್ವಾಗ!" ಎಂದು ಬೆಟ್ಟಯ್ಯ ತಲೆ ಚಚ್ಚಿಕೊಂಡ. "ಬಾ ಅಂದ್ರೆ ಮೀನ್ ಕಳ್ಸವ್ನಲ್ಲಪ್ಪೋ!"

ಸೊಂಟದವರೆಗಿನ ನೀರಿನಲ್ಲಿ ನಿಂತು ಮಾವ ಕೂಗುತ್ತಿದ್ದರು: "ಬುಟ್ಟೀನ ನೀರಲ್ಲಿಡು ಪದ್ದೂ! ನೀರಲ್ಲಿಡು!"

ಜೀವಮಾನದಲ್ಲಿ ಅದೊಂದು ಸಲ ನಾನು ಅವರನ್ನು ಏಕವಚನದಲ್ಲಿ ಮಾತಾಡಿಸಿದೆ. "ನೀನು ಹಗ್ಗ ಕಟ್ಟಿಕೋ ಮಾವಾ! ನೀನು ಸತ್ತರೆ ಎಷ್ಟು ಸ್ನಾನ ಅಂತ ಅಜ್ಜೀನ ನಾನು ಹೇಗೆ ಕೇಳಲಿ?"

ಅಷ್ಟು ದೂರದಿಂದ ಅವರ ಮುಖ ಬದಲಾದದ್ದು ನನಗೆ ಕಾಣಿಸಿತು. ಆಗಲೇ ಒಂದು ಅಲೆ ಬಂದು ಅವರ ಕನ್ನಡಕವನ್ನು ಕಿತ್ತುಕೊಂಡು ಹೋಯಿತು. ಕನ್ನಡಕವಿಲ್ಲದ ಮಾವನಿಗೆ ಹಗ್ಗ ಎಲ್ಲಿ ಕಾಣಬೇಕು? ಬೆಟ್ಟಯ್ಯ ಬೀಸಿದ, ಪಕ್ಕದಲ್ಲೇ ಬಿತ್ತು, ಅವರು ಗಾಳಿಯಲ್ಲಿ ಕೈಯಾಡಿಸಿದರು. ಮತ್ತೆ ಬೀಸಿದ. "ಎಡಕ್ಕೆ ಮಾವ! ಇನ್ನೂ ಎಡಕ್ಕೆ! ಕೈ ಕೆಳಗೆ!" ಆ ಕೂಗಿನಲ್ಲಿ ನನ್ನ ಗಂಟಲು ಹರಿದುಹೋಯಿತು, ವಾರಗಟ್ಟಲೆ ಮಾತು ಹೊರಡಲಿಲ್ಲ. ಎದೆಯವರೆಗೆ ನೀರು ಬಂದಾಗ ಅವರ ಕೈಗೆ ಹಗ್ಗ ಸಿಕ್ಕಿತು. ಈ ಸಲ ಎದೆಗೇ ಸುತ್ತಿಕೊಂಡರು.

ಎಳೆದೆವು. ಹಗ್ಗ ಭಾರವಾಗಿತ್ತು. ಅಷ್ಟು ಒಳ್ಳೆಯ ಭಾರವನ್ನು ನಾನು ಮತ್ತೆಂದೂ ಎಳೆದಿಲ್ಲ. ಆದರೆ ಮಾವನ ತಲೆ ನೀರಿನೊಳಗೆ ಹೋಯಿತು, ಮೇಲೆ ಬರಲಿಲ್ಲ. ಆ ಕಂದು ನೀರನ್ನು ನಾನು ಇನ್ನೂ ನೋಡುತ್ತಲೇ ಇದ್ದೇನೆ. ಅಡುಗೆಮನೆಯಲ್ಲಿ ಸಾರು ಕುದಿಯುವಾಗ ನೋಡುತ್ತೇನೆ, ಬಸ್ಸಿನ ಕಿಟಕಿಯಲ್ಲಿ ನೋಡುತ್ತೇನೆ. ಪ್ರತಿ ಸಲವೂ ಅವರ ತಲೆ ಮೇಲೆ ಬರುವುದು ಸ್ವಲ್ಪ ತಡವಾಗುತ್ತಿದೆಯೇನೋ ಅನ್ನಿಸುತ್ತದೆ.

ಬಂತು. ದಡದ ಮೇಲೆ ಬೋರಲು ಮಲಗಿಸಿ ಬೆಟ್ಟಯ್ಯ ಬೆನ್ನು ಒತ್ತಿದ. ಮಾವ ಅರ್ಧ ಕಾವೇರಿಯನ್ನು ಕಕ್ಕಿ ಕಣ್ಣುಬಿಟ್ಟರು.

"ಬುಟ್ಟಿ?"

ಯಾರಿಗೂ ಬುಟ್ಟಿಯ ನೆನಪೇ ಇರಲಿಲ್ಲ. ಅದನ್ನು ಇಟ್ಟಿದ್ದ ಜಾಗದಲ್ಲಿ ಈಗ ಹೊಳೆ ಇತ್ತು.

"ಓಯ್ತು ಬುಡಿ ಸಾಮಿ. ಎಲ್ಲಿಂದ ಬಂದ್ವೋ ಅಲ್ಗೇ ಓದ್ವು."

ಮಾವ ಅತ್ತೇಬಿಡುತ್ತಾರೆ ಎಂದು ಹೆದರಿದೆ. ಅವರು ಕಟಕಟ ಹಲ್ಲು ಕಡಿಯುತ್ತಾ ಹೇಳಿದರು: "ಹೋಗಲಿ... ಅವಕ್ಕೆ ಇನ್ನು ಈ ಜನ್ಮದಲ್ಲಿ ಕೀಲುನೋವು ಬರಲ್ಲ."

ಬೆಟ್ಟಯ್ಯನ ಪಂಚೆ ಉಟ್ಟು, ಅವನ ಹೆಂಡತಿ ಕೊಟ್ಟ ಬಿಸಿ ಕಾಫಿ ಕುಡಿದು ಬಸ್ಸು ಹತ್ತಿದೆವು. ಅದೇ ಕಂಡಕ್ಟರು. ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಏನ್ಸಾರ್, ಇವತ್ತು ಮೀನಿಲ್ವಾ? ನಿಮ್ಗೇನ್ ಕೊಡ್ಲಿ, ಟಿಕೀಟಾ, ಲಗೇಜಾ?"

"ಟಿಕೀಟೇ ಕೊಡಪ್ಪ," ಎಂದರು ಮಾವ. "ಸದ್ಯಕ್ಕೆ ಟಿಕೀಟೇ."

ನಾನು ನಗಲು ಶುರುಮಾಡಿದವಳು ಮಳವಳ್ಳಿಯವರೆಗೂ ನಿಲ್ಲಿಸಲಿಲ್ಲ. ಅದು ನಗುವೇ ಆಗಿತ್ತೆಂದು ಹೇಳಲಾರೆ.

ಎರಡೋ ಒಂದೋ ಎಂದು ನೀವು ಕೇಳಿಯೇ ಕೇಳುತ್ತೀರಿ. ಎರಡು! ಮುಂದಿನ ಬೇಸಿಗೆಯಲ್ಲಿ ದಡದಲ್ಲೇ ಕೂತು, ಮೊದಲು ತಮ್ಮ ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ಬೆಟ್ಟಯ್ಯನ ಕೈಗೆ ಕೊಟ್ಟು, ಮಾವ ಆ ಕೆಲಸ ಮುಗಿಸಿದರು. ಹೊಳೆಯ ಗೆಂಡೆಗೂ ವರ್ಣತಂತು ಐವತ್ತೇ. ಆದರೆ ಅವುಗಳ ಆಕಾರ ಬೇರೆ. ಕೆಲವು ನಡುವೆ ಸೊಂಟ ಕಟ್ಟಿದ ಹಾಗೆ, ಕೆಲವು ತುದಿಯಲ್ಲಿ. ನಾಲೆಯ ಗೆಂಡೆಯದಕ್ಕೆ ಜೋಡಿಸಿದರೆ ಹೊಂದುತ್ತಿರಲಿಲ್ಲ. ಬಸ್ಸಿನಲ್ಲಿ ಬೆರೆತುಹೋಗಿದ್ದ ಆ ಕೊನೆಯ ಮೀನು ಯಾರ ಮನೆಯದು ಎಂಬುದು ಮಾತ್ರ ಕೊನೆಗೂ ತಿಳಿಯಲಿಲ್ಲ. ಅದನ್ನು ಅಜ್ಜಿ ತನ್ನದೇ ಎಂದು ಬಾವಿಗೆ ಬಿಟ್ಟುಕೊಂಡಿದ್ದಳು.

ಆದರೆ ಅಂದಿನ ಸಂಜೆ ನಮಗೆ ಇದೇನೂ ಗೊತ್ತಿರಲಿಲ್ಲ. "ಅಮ್ಮನಿಗೆ ಏನೂ ಹೇಳಬೇಡ. ದಾರೀಲಿ ಮಳೆ ಬಂತು ಅನ್ನು," ಎಂದು ಮಾವ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೂ ನನಗೆ ಪಾಠ ಹೇಳಿಕೊಟ್ಟರು. ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಜ್ಜಿ ಮಡಿಯುಟ್ಟು ಒಲೆಯ ಮುಂದಿದ್ದಳು. ಅವಳು ಮಡಿಯಲ್ಲಿದ್ದರೆ ನಾವು ಅವಳ ನೆರಳನ್ನೂ ತುಳಿಯುತ್ತಿರಲಿಲ್ಲ. ಎದ್ದು ಬಂದವಳು ಮಗನ ಬರಿಗಣ್ಣು ನೋಡಿದಳು, ಮೈಮೇಲಿನ ಗುರುತಿಲ್ಲದ ಪಂಚೆ ನೋಡಿದಳು, ಎದೆಯ ಮೇಲೆ ಹಗ್ಗ ಎಳೆದ ಕೆಂಪು ಬಾಸುಂಡೆ ನೋಡಿದಳು. ನಾನು ಮಳೆಯ ವಿಷಯ ಹೇಳಲು ಬಾಯಿ ತೆರೆದೆ. ಗಂಟಲಿನಿಂದ ಸ್ವರ ಬರಲಿಲ್ಲ. ಅಜ್ಜಿ ಅದನ್ನೂ ನೋಡಿದಳು.

ಮಾವ ಯಾರ ಮುಖವನ್ನೂ ನೋಡದೆ ಅಭ್ಯಾಸದಂತೆ ನೇರ ಬಾವಿಕಟ್ಟೆಗೆ ಹೋದರು. ಹಗ್ಗ ಹಿಡಿದರು.

ಅಜ್ಜಿ ಹಿಂದೆಯೇ ಹೋಗಿ ಅವರ ಕೈಯಿಂದ ಹಗ್ಗ ಬಿಡಿಸಿದಳು.

"ಇವತ್ತು ಯಾರೂ ಸತ್ತಿಲ್ಲ ಕಣೋ," ಎಂದಳು. "ಸ್ನಾನ ಬೇಡ."

ಮಡಿಸೀರೆಯ ಸೆರಗಿನಿಂದಲೇ ಮಗನ ತಲೆಯನ್ನು ಒರೆಸಿದಳು. ಆಗಲೇ ಒಣಗಿದ್ದ ತಲೆಯನ್ನು ಒರೆಸುತ್ತಲೇ ಇದ್ದಳು. ಅಂದು ಅದೇ ಸೀರೆಯಲ್ಲಿ ನಮ್ಮಿಬ್ಬರ ನಡುವೆ ಕೂತು ಅನ್ನ ಬಡಿಸಿದಳು.